ಟಿ-ಪಿಎ ಕಿಣ್ವದ ವಾಸಸ್ಥಳ ವಿಚಾರಣೆ

ರಕ್ತನಾಳದಲ್ಲಿ ಗಟ್ಟಿಯಾದ ಹೆಪ್ಪನ್ನು ಕರಗಿಸುವ ಕೆಲಸಕ್ಕೆ ಚಾಲನೆ ಕೊಡುವ ಟಿಶ್ಯೂ ಪ್ಲಾಸ್ಮಿನೋಜೆನ್ ಆಕ್ಟಿವೇಟರ್, ಚಿಕ್ಕದಾಗಿ ಟಿ-ಪಿಎ, ಎಂಬ ಕಿಣ್ವವನ್ನು ವಾಡಿ ಜಂಕ್ಷನ್ನಿನಲ್ಲಿ ಸಂದರ್ಶಿಸಿದಾಗ, ಕಚೇರಿಗಳ ರೂಢಿಯಂತೆ ಮೊದಲು ಕೇಳಲಾದದ್ದು ಅದರ ಖಾಯಂ ವಿಳಾಸ.

ಯಾವ ನಾಡಕಚೇರಿಯೂ ದೃಢೀಕರಣ ಪತ್ರ ಕೊಡಲಾರದಷ್ಟು ಕಡೆ ತನ್ನ ವಾಸವಿದೆ ಎಂದು ಕಿಣ್ವ ಉತ್ತರಿಸಿತು. ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದಂತೆ ರಕ್ತನಾಳಗಳ ಒಳಮೈಗೆ ಹಾಸಿಕೊಂಡಿರುವ ಎಂಡೋಥೀಲಿಯಂ ಎಂಬ ತೆಳು ಜೀವಕೋಶಪದರವೇ ಅದರ ಮುಖ್ಯ ನೆಲೆಯಾಗಿದ್ದು, 1947ರಲ್ಲಿ ಸಂಶೋಧಕರಾದ ಆಸ್ಟ್ರುಪ್ ಮತ್ತು ಪೆರ್ಮಿನ್ ಪ್ರಾಣಿಗಳ ಅಂಗಾಂಶಗಳಲ್ಲಿ ಇಂಥ ಪದಾರ್ಥವನ್ನು ಗುರುತಿಸಿದ ಮೇಲೆ ನಡೆದ ಮನುಷ್ಯದೇಹದ ಗಣತಿಯಲ್ಲಿ ಗರ್ಭಕೋಶ, ಅಡ್ರೀನಲ್, ಥೈರಾಯಿಡ್, ಪ್ರಾಸ್ಟೇಟ್ ಮತ್ತು ದುಗ್ಧಗ್ರಂಥಿಗಳು ಸಮೃದ್ಧವೆಂದೂ ಯಕೃತ್ತು ತೀರ ಬಡವೆಂದೂ ದಾಖಲಾಯಿತು.

ಯಕೃತ್ತಿನೊಡನೆ ವೈಮನಸ್ಯವೇನಾದರೂ ಇದೆಯೇ ಎಂಬ ಪ್ರಶ್ನೆಗೆ ಕಿಣ್ವ ತುಸು ಬಿಗುವಾಯಿತು. ಟಿ-ಪಿಎ ತಾನೇ ಹೆಪ್ಪನ್ನು ಕರಗಿಸುವುದಿಲ್ಲ. ರಕ್ತದಲ್ಲಿರುವ ಪ್ಲಾಸ್ಮಿನೋಜೆನ್ನನ್ನು ಪ್ಲಾಸ್ಮಿನ್ ಆಗಿಸಿದರೆ, ಹೆಪ್ಪಿನ ನಾರಾದ ಫೈಬ್ರಿನ್ನನ್ನು ತುಂಡರಿಸುವುದು ಆ ಪ್ಲಾಸ್ಮಿನ್. ಪ್ಲಾಸ್ಮಿನೋಜೆನ್ ತಯಾರಿಸುವ ಯಕೃತ್ತೇ ಟಿ-ಪಿಎಯನ್ನು ರಕ್ತದಿಂದ ತೆಗೆದುಹಾಕುವುದರಿಂದ ಸುಮಾರು ಐದು ನಿಮಿಷಗಳಲ್ಲಿ ಅದರ ಅರ್ಧಪಾಲು ಇಲ್ಲವಾಗುತ್ತದೆ. ಅಂದರೆ ಸಾಮಗ್ರಿ ಒದಗಿಸುವ ಇಲಾಖೆಯೇ ವಜಾ ಆದೇಶವನ್ನೂ ಹೊರಡಿಸುತ್ತದೆ. ಇದು ಸಾಲದೆಂಬಂತೆ ಪಿಎಐ-1 ಎಂಬ ಪ್ರತಿಬಂಧಕ ಪ್ರೋಟೀನು ಹಾದಿಯಲ್ಲೇ ಅದರ ಕೈ ಕಟ್ಟಿಹಾಕುತ್ತದೆ.

ಮನೆಮನೆಯಲ್ಲಿದ್ದೂ ಹೃದಯಾಘಾತದಲ್ಲಿ ಕೈಕೊಡುವುದೇಕೆ ಎಂದಾಗ, ಮಂಜೂರಾಗಿರುವ ಪ್ರಮಾಣ ಸಣ್ಣ ಹೆಪ್ಪುಗಳಿಗಷ್ಟೇ ಸಾಕೆಂದೂ, ಹೃದಯದ ನಾಳವನ್ನೇ ಮುಚ್ಚುವ ಹೆಪ್ಪಿಗೆ ಹೊರಗಿನ ನೆರವು ಬೇಕೆಂದೂ ಅದು ಒಪ್ಪಿಕೊಂಡಿತು. ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುವಂತೆ ಮಾರ್ಪಡಿಸಿದ ಅದರ ಬಂಧು ಟೆನೆಕ್ಟಿಪ್ಲೇಸ್, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ಬರುತ್ತಿದ್ದು, ಅಲ್ಲಿನ ಇಸಿಜಿಯನ್ನು ದೂರದ ಹೃದಯತಜ್ಞರು ನೋಡಿ ಸಲಹೆ ಕೊಡುತ್ತಾರೆ. ರಕ್ತಸ್ರಾವದ ಅಪಾಯವಿರುವುದರಿಂದ ಈ ಚುಚ್ಚುಮದ್ದು ಎಲ್ಲರಿಗೂ ಅಲ್ಲ. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಕೊನೆಯ ದೂರು ಸೋಡಾ ಅಂಗಡಿಯ ಮೇಲಿತ್ತು. ಎದೆನೋವನ್ನು ಗ್ಯಾಸ್ ಎಂದು ಘೋಷಿಸುವ ಅಧಿಕಾರವನ್ನು ಈ ಸೀಮೆಯಲ್ಲಿ ನೆರೆಹೊರೆಯವರೆಲ್ಲ ಪಡೆದಿರುವುದರಿಂದ, ಮೊದಲು ಸೋಡಾ ಕುಡಿದು ನೋಡಿ ಆಮೇಲೆ ಕಲಬುರಗಿಯ ಜಯದೇವ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತಿಗೆ ಹೆಪ್ಪು ಹಳೆಯದಾಗಿ, ಕರಗಿಸುವುದು ಕಷ್ಟವಾಗಿರುತ್ತದೆ. ಆದ್ದರಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯ ಜನರು ಬೆವರಿನೊಡನೆ ಎದೆನೋವು ಕಾಣಿಸಿದ ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿಕೊಳ್ಳಬೇಕೆಂದು ಕಿಣ್ವ ವಿನಂತಿಸಿದೆ.