ಸಿ ಡ್ರೈವಿನ ಪುನರ್ಜನ್ಮ ಮೀಮಾಂಸೆ: ಅಪ್‌ಗ್ರೇಡ್ ಮತ್ತು ಫಾರ್ಮ್ಯಾಟ್‌ಗಳ ತೌಲನಿಕ ಅಧ್ಯಯನ

ಮನೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವ ಪ್ರಕ್ರಿಯೆಯನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸಿಕೊಂಡು, ಅದರ ಸಂಕಥನವನ್ನು ಸೈದ್ಧಾಂತಿಕ ಚೌಕಟ್ಟಿನೊಳಗೆ ಮರುನಿರೂಪಿಸಿಕೊಳ್ಳಬೇಕಾದ ತುರ್ತು ಇಂದು ನಮ್ಮ ಮುಂದಿದೆ. ಈ ವಾಕ್ಯಕ್ಕೆ ಅರ್ಥವಿಲ್ಲವೆಂದು ಪ್ರಬಂಧಕಾರರಿಗೂ ಗೊತ್ತು. ಆದರೆ ಇಂಥದೊಂದು ಇಲ್ಲದೆ ಯಾವ ರಾಷ್ಟ್ರೀಯ ವಿಚಾರ ಸಂಕಿರಣದಲ್ಲೂ ಊಟದ ಕೂಪನ್ ಸಿಗುವುದಿಲ್ಲವಾದ್ದರಿಂದ ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಈ ಕ್ಷೇತ್ರದಲ್ಲಿ ಮತಗಳು ಎರಡು. ಇದ್ದ ವಿಂಡೋಸ್‌ನ ಮೇಲೆಯೇ ಹೊಸದನ್ನು ಕೂರಿಸಬೇಕೆನ್ನುವವರು ಊರ್ಧ್ವಾರೋಹಣವಾದಿಗಳು, ಲೋಕರೂಢಿಯಲ್ಲಿ ಅಪ್‌ಗ್ರೇಡಿನವರು. ಸಿ ಡ್ರೈವನ್ನು ಪೂರ್ತಿ ಅಳಿಸಿ ಮೊದಲಿಂದ ಶುರುಮಾಡಬೇಕೆನ್ನುವವರು ನಿಶ್ಶೇಷವಾದಿಗಳು. ಇವರ ಬೀಜಮಂತ್ರ "ಫಾರ್ಮ್ಯಾಟ್ ಹೊಡೆದುಬಿಡಿ ಸಾರ್." ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಬಸ್‌ಸ್ಟ್ಯಾಂಡಿನ ಎದುರಿನ ಮಳಿಗೆಯವರೆಗೆ ಈ ಮಂತ್ರಕ್ಕೆ ಪಾಠಾಂತರವಿಲ್ಲ. ವೈರಸ್ ಬಂದರೂ ಇದೇ, ಪ್ರಿಂಟರ್ ಸಿಗದಿದ್ದರೂ ಇದೇ, ಗಡಿಯಾರ ಹಿಂದೆ ಬಿದ್ದರೂ ಇದೇ.

ಊರ್ಧ್ವಾರೋಹಣ ಮತವು ಕರ್ಮಸಿದ್ಧಾಂತದ ಮೇಲೆ ನಿಂತಿದೆ. ವಿಂಡೋಸ್ 3.1ರಲ್ಲಿ ಸಣ್ಣದಾಗಿ ಹುಟ್ಟಿ ವಿಂಡೋಸ್ 95ರ ಹೊತ್ತಿಗೆ ಸರ್ವಾಂತರ್ಯಾಮಿಯಾದ ರಿಜಿಸ್ಟ್ರಿಯೇ ಇಲ್ಲಿ ಸಂಚಿತ. ಎಂದೋ ಹಾಕಿ ಎಂದೋ ತೆಗೆದ ಸಾಫ್ಟ್‌ವೇರಿನ ಹೆಸರು ಅದರಲ್ಲಿ ಉಳಿದುಕೊಂಡಿರುತ್ತದೆ. ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಯಾರೂ ಕರೆಯದೆ ಎದ್ದು ಬರುವ ಪ್ರೋಗ್ರಾಮುಗಳು ಪ್ರಾರಬ್ಧ, ಅನುಭವಿಸಿಯೇ ತೀರಬೇಕು. ಬರಲಿರುವ ಅಪ್‌ಡೇಟುಗಳು ಆಗಾಮಿ. ಅಪ್‌ಗ್ರೇಡಿನಲ್ಲಿ ದೇಹ ಹೊಸದು, ಕರ್ಮ ಹಳೆಯದು. ಇದಕ್ಕೆ ಪ್ರತ್ಯಕ್ಷ ಪ್ರಮಾಣವೂ ಉಂಟು. 2011ರಲ್ಲಿ ಒಬ್ಬ ಉತ್ಸಾಹಿ ವರ್ಚುವಲ್ ಯಂತ್ರವೊಂದರಲ್ಲಿ ಡಾಸ್‌ನಿಂದ ಹೊರಟು, ವಿಂಡೋಸ್ 1.0 ಹಾಕಿ, ಒಂದರ ಮೇಲೊಂದು ಅಪ್‌ಗ್ರೇಡ್ ಮಾಡುತ್ತ ವಿಂಡೋಸ್ 7ರವರೆಗೆ ಬಂದು ಅದರ ವಿಡಿಯೊ ಯೂಟ್ಯೂಬಿಗೆ ಹಾಕಿದ. ಹಳೇ ಕಾಲದಲ್ಲಿ ಆರಿಸಿದ್ದ ಬಣ್ಣಗಳು ಹಲವು ಜನ್ಮ ದಾಟಿ ಬಂದಿದ್ದವು.

ಅಪ್‌ಗ್ರೇಡ್ ಆದಮೇಲೆ ಹಿಂದಿನ ವ್ಯವಸ್ಥೆಯ ಪಾರ್ಥಿವ ಶರೀರವು ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿರುತ್ತದೆ. ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದು. ಆದರೆ ಗಡುವು ಹತ್ತೇ ದಿನ, ಆಮೇಲೆ ಅದು ತಾನಾಗಿ ಅಳಿಯುತ್ತದೆ. ವಿಂಡೋಸ್ 10 ಬಂದ ಹೊಸತರಲ್ಲಿ 30 ದಿನ ಇದ್ದುದನ್ನು 2016ರಲ್ಲಿ ಹತ್ತಕ್ಕೆ ಇಳಿಸಲಾಯಿತು. ಹತ್ತು ದಿನದ ಸೂತಕದ ಲೆಕ್ಕವನ್ನು ಅಮೆರಿಕದ ರೆಡ್ಮಂಡಿನಲ್ಲಿರುವ ಮೈಕ್ರೋಸಾಫ್ಟಿನವರಿಗೆ ಯಾವ ಪುರೋಹಿತರು ಹೇಳಿಕೊಟ್ಟರೋ, ಇದು ಪ್ರತ್ಯೇಕ ಪಿಎಚ್.ಡಿ.ಗೆ ಅರ್ಹವಾದ ವಿಷಯ.

ಇನ್ನು ಉಪಭೇದಗಳು. ಅವು ಏಳು. ಮೊದಲನೆಯದು ರೀಸೆಟ್: ಕಡತಗಳು ಉಳಿಯುತ್ತವೆ, ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ, ವಿಶಿಷ್ಟಾದ್ವೈತಕ್ಕೆ ಹತ್ತಿರ. ಎರಡನೆಯದು... ಇರಲಿ. ಮಿಕ್ಕ ಆರನ್ನು ಓದುಗರು ಊಹಿಸಿಕೊಳ್ಳಬಹುದು. ಪಂಡಿತರು ಭೇದ ಎಣಿಸುತ್ತಿರುವಾಗ ಫೈಲು ಹಾರಿಹೋದವರ ಮಾತು ಯಾರೂ ಎತ್ತುವುದಿಲ್ಲ.

2018ರ ಅಕ್ಟೋಬರ್ ನೋಡಿ. ವಿಂಡೋಸ್ 10ರ 1809ನೇ ಆವೃತ್ತಿಗೆ ಅಪ್‌ಡೇಟ್ ಆದ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳೇ ಮಾಯವಾದವು. ಯಾರವು? ಸಿ ಡ್ರೈವನ್ನು ನಂಬಬೇಡಿ ಎಂಬ ಉಪದೇಶ ಕೇಳಿ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವಿಗೆ ತಿರುಗಿಸಿಕೊಂಡಿದ್ದ ಜಾಣರವು! ಹಳೆಯ ಜಾಗದಲ್ಲಿ ಅವರು ಉಳಿಸಿಕೊಂಡಿದ್ದ ಕಡತಗಳನ್ನು ಅಪ್‌ಡೇಟು ಖಾಲಿ ಫೋಲ್ಡರೆಂದು ಬಗೆದು ಗುಡಿಸಿಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಹಿಂದಕ್ಕೆ ಪಡೆದು ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಹೀಗಾಗುತ್ತಿದೆ ಎಂದು ಪರೀಕ್ಷಾರ್ಥ ಬಳಕೆದಾರರು ಮೊದಲೇ ದೂರು ಬರೆದಿದ್ದರು. ಓದಿದವರಿರಲಿಲ್ಲ.

ಅದಕ್ಕೂ ಎರಡು ವರ್ಷ ಹಿಂದೆ, ವಿಂಡೋಸ್ 10 ಹಾಕಿಕೊಳ್ಳಿ ಎಂದು ಪದೇ ಪದೇ ಬರುತ್ತಿದ್ದ ಪೆಟ್ಟಿಗೆಯ ಮೂಲೆಯ ಇಂಟು ಗುರುತು ಒತ್ತಿ ಮುಚ್ಚಿದರೂ ಅಪ್‌ಗ್ರೇಡಿನ ಸಮಯ ನಿಗದಿಯಾಗಿಯೇ ಇರುತ್ತಿತ್ತು. ಬೇಡವೆಂದರೂ ಹೂಂ ಎಂದ ಹಾಗೆ! ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಮಹಿಳೆಯೊಬ್ಬರು ತಮ್ಮ ಕಂಪ್ಯೂಟರ್ ಕೇಳದೇ ಅಪ್‌ಗ್ರೇಡ್ ಆಗಿ ಕೆಲಸಕ್ಕೆ ಬಾರದಂತಾಯಿತೆಂದು ಕೋರ್ಟಿಗೆ ಹೋಗಿ 10,000 ಡಾಲರ್ ವಸೂಲು ಮಾಡಿದರು. ಆಗ ಹಾಕಿಕೊಳ್ಳಿ ಎಂದು ಬೆನ್ನು ಬಿದ್ದಿದ್ದ ಅದೇ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ಈಚಿನದೋ ಇರಬೇಕು. ಏಳನೇ ತಲೆಮಾರಿನ ಯಂತ್ರ ಚೆನ್ನಾಗಿ ಓಡುತ್ತಿದ್ದರೂ, ಮಕ್ಕಳು ಅದರಲ್ಲೇ ಓದುತ್ತಿದ್ದರೂ, ಅಧಿಕೃತವಾಗಿ ಅದಕ್ಕೆ ಪುನರ್ಜನ್ಮವಿಲ್ಲ. ಭದ್ರತೆಗಾಗಿ ಎಂಬ ಕಾರಣ ಸುಳ್ಳಲ್ಲ. ಬೆಲೆ ತೆರುವವರು ಮಾತ್ರ ಮನೆಯವರು.

ನಿಶ್ಶೇಷವಾದಿಗಳು ಊರ್ಧ್ವಾರೋಹಣವಾದಿಗಳಿಗಿಂತ ಮೇಲೇನೂ ಅಲ್ಲ. ಅವರ ಗುರುಶಿಷ್ಯ ಸಂವಾದವು ಎಲ್ಲ ಆಕರಗಳಲ್ಲೂ ಒಂದೇ ರೀತಿ ದೊರೆಯುತ್ತದೆ:

"ಸಿ ಡ್ರೈವಲ್ಲಿ ಏನಾದ್ರೂ ಇದ್ಯಾ ಸಾರ್?"

"ಇಲ್ಲಪ್ಪ, ಸಿಯಲ್ಲಿ ಏನೂ ಇಲ್ಲ. ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇಟ್ಟಿದೀನಿ."

ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ಹೀಗೆ ನಿರ್ಮಲಗೊಂಡ ಮನೆಗಳಲ್ಲಿ ಮಗಳ ನಾಮಕರಣದ ಫೋಟೋ ಹೋಗಿದೆ, ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ ಹೋಗಿದೆ. "ಈಗ ಎಷ್ಟು ಫಾಸ್ಟ್ ಆಗಿದೆ ನೋಡಿ ಸಾರ್" ಎಂದು ಹುಡುಗ ಮೌಸ್ ಆಡಿಸಿ ತೋರಿಸುತ್ತಾನೆ. ಅವನ ತಪ್ಪೇನಿಲ್ಲ. ಅವನು ಕೇಳಿದ್ದ.

ಕನ್ನಡದವರ ಪಾಡು ಇನ್ನೊಂದು ಬಗೆ. ಫೈಲು ಉಳಿದರೂ ಕನ್ನಡ ಉಳಿಯುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಕಚೇರಿಯ ಸುತ್ತೋಲೆ, ಅಭಿನಂದನ ಗ್ರಂಥ, ಪಿಎಚ್.ಡಿ. ಮಹಾಪ್ರಬಂಧ, ಊರ ಜಾತ್ರೆಯ ಕರಪತ್ರ ಎಲ್ಲವೂ ವರ್ಷಗಟ್ಟಲೆ ಹಾಗೆಯೇ ಟೈಪಾದವು. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಪುಟದ ತುಂಬ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಡಿಟಿಪಿ ಅಂಗಡಿಗಳ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಅಲ್ಲಿಗೇ ಬಿಟ್ಟಿತು. ಅದಕ್ಕೆ ಯೂನಿಕೋಡ್ ತಿಳಿಯದು. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ನೆಟ್ ವೈರು ಕಿತ್ತ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದು ಬಹಳ ಕಾಲ ಓಡಿತು.

ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳಿವೆ, ಉಚಿತವಾಗಿಯೂ ಸಿಗುತ್ತವೆ. ಆದರೆ ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ಕನ್ವರ್ಟರು ಈ ಹಿಂದುಮುಂದನ್ನು ಸರಿಪಡಿಸುವಾಗ ಎಡವಿದರೆ ಸೂರ್ಯನೂ ಧರ್ಮವೂ ಗುರುತು ಸಿಗದಂತಾಗುತ್ತವೆ. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರು, ವಿಳಾಸ, ಪುಸ್ತಕದ ಶೀರ್ಷಿಕೆಗಳೆಲ್ಲ ಯಾವ ನಿಘಂಟಿನಲ್ಲೂ ಇಲ್ಲದ ಕನ್ನಡವಾಗುತ್ತವೆ. ಮುನ್ನೂರು ಪುಟದ ಪುಸ್ತಕವಾದರೆ ಒಬ್ಬರು ಮೂಲದ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಕರಡು ತಿದ್ದಬೇಕು. ಆ ಕೆಲಸಕ್ಕೆ ಪುಟಕ್ಕಿಷ್ಟೆಂದು ಹಣ ಕೊಡಬೇಕು. ಕೊಡುವವರು ಯಾರೆಂಬುದು ಎರಡೂ ಮತಗಳ ಶಾಸ್ತ್ರದಲ್ಲಿಲ್ಲ, ವಿಚಾರ ಸಂಕಿರಣದ ಬಜೆಟ್ಟಿನಲ್ಲೂ ಇಲ್ಲ.