ಮೂಗಿಗೆ ಸಲಾಂ, ಎದೆಗೆ ಠಿಕಾಣಿ

ಮನೆಯಲ್ಲೇ ಲೇತ್ ಇಟ್ಟುಕೊಂಡು ಮರದ ಬುಗುರಿ, ಬಟ್ಟಲು ಕಡೆಯುವವರು ಉಳಿಯಿಂದ ಹಾರುವ ಸುರುಳಿ ಹೊಟ್ಟನ್ನು ಕಂಡು ಗಾಬರಿಯಾಗುತ್ತಾರೆ. ಅದು ಪಾಪ, ಕಾಲಬುಡದಲ್ಲಿ ಬಿದ್ದು ಪೊರಕೆಗೆ ಕಾಯುತ್ತದೆ. ನಿಜವಾದ ಕಿಲಾಡಿಯೆಂದರೆ ಉಪ್ಪುಕಾಗದ ಉಜ್ಜುವಾಗ ಏಳುವ ನವಿರು ಧೂಳು. 10 ಮೈಕ್ರಾನಿಗಿಂತ ಸಣ್ಣದು ಮೂಗಿನ ಕೂದಲಿಗೆ ಸಲಾಂ ಹೊಡೆದು ಎದೆಗಿಳಿಯುತ್ತದೆ. 'ಮರ ನೈಸರ್ಗಿಕವಲ್ಲವೇ?' ಎನ್ನುತ್ತೀರಿ. ಹೊಗೆಸೊಪ್ಪೂ ಗಿಡದಲ್ಲೇ ಬೆಳೆಯುವುದು! ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 'ಚನ್ನಪಟ್ಟಣದ ತಾತಂದಿರು ಮಾಸ್ಕ್ ಹಾಕಿದ್ದರೇ?' ಎಂದರೆ, ಗೊಂಬೆ ಕೊಂಡವರಿಗೆ ಅವರ ಕೆಮ್ಮು ಕೇಳಿಸುವುದಾದರೂ ಹೇಗೆ? ಮೂಗಿಗೆ ಟವೆಲ್ ಸುತ್ತುವುದು ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಸರಿ, ಧೂಳಿನಿಂದಲ್ಲ. ಎನ್95 ಬೇಕು, ಅದೂ ನುಣ್ಣಗೆ ಬೋಳಿಸಿದ ಮುಖಕ್ಕೆ. ಗಡ್ಡದ ಸಂದಿಯಲ್ಲಿ ಧೂಳು ಟಿಕೆಟ್ಟಿಲ್ಲದೆ ನುಗ್ಗುತ್ತದೆ. ಲೇತ್ ನಿಂತೊಡನೆ ಮಾಸ್ಕ್ ಕಿತ್ತೆಸೆಯಬೇಡಿ, ಗಾಳಿಯಲ್ಲಿರುವ ಧೂಳಿಗೆ ಕೆಳಗಿಳಿಯುವ ಅವಸರವೇನಿಲ್ಲ.