ಅನ್ನ ಹುಟ್ಟುತ್ತಾ, ಗುಮಾಸ್ತ್ರೇ?

"ಗುಮಾಸ್ತ್ರೇ, ಒಂದು ಮಾತು ಕೇಳ್ಬೇಕಿತ್ತು" ಅಂದರು ಬೇಲಿಯಾಚೆಯಿಂದ ಪಕ್ಕದ ಮನೆಯವರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರು ಅವರು. ನಾನು ಶಿವಮೊಗ್ಗದ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ಮೂವತ್ತೈದು ವರ್ಷ ಕೇಸಿನ ಕಟ್ಟು ಹೊತ್ತವನು. ಓಣಿಯಲ್ಲಿ ಈಗಲೂ ನನಗೆ ಅದೇ ಹೆಸರು.

"ಮಗಳು ಡಿಗ್ರಿ ಮುಗಿಸಿ ಶಿವಮೊಗ್ಗದ ಸಿ.ಬಿ.ಆರ್. ಲಾ ಕಾಲೇಜಿಗೆ ಸೇರ್ತೀನಿ ಅಂತ ಕೂತಿದಾಳೆ. ಸೇರ್ಲಿ. ಆದ್ರೆ ಬಡವರ ಹಕ್ಕಿನ ಕೇಸೇ ನಡೆಸ್ತೀನಿ ಅಂತಾಳಲ್ಲ! ಅದ್ರಲ್ಲಿ ಅನ್ನ ಹುಟ್ಟುತ್ತಾ?"

ದಾಸವಾಳ ಕೀಳುವುದನ್ನು ಬಿಟ್ಟು ನಿಂತೆ. "ಅನ್ನದ ಮಾತು ಆಮೇಲೆ ಆಡೋಣ ಇವ್ರೇ. ಮೊದಲು ಆ ಕೆಲಸ ಅಂದ್ರೆ ಏನು ಅಂತ ನಾನು ಕಂಡದ್ದು ಹೇಳ್ತೀನಿ" ಅಂದೆ.

ನಮ್ಮ ಜಿಲ್ಲೆಯಲ್ಲಿ ಹಕ್ಕಿನ ಮಾತು ಎದ್ದದ್ದು ಭತ್ತದ ಕಣದಲ್ಲಿ. 1951ರಲ್ಲಿ ಸಾಗರದ ಕಡೆ ಕಾಗೋಡಿನ ಗೇಣಿದಾರರು ತಿರುಗಿ ನಿಂತದ್ದು ಕೊಳಗದ ವಿಷಯಕ್ಕೆ. ಗೇಣಿ ಅಳೆಯುವಾಗ ಧಣಿಗಳ ಕೊಳಗಕ್ಕೆ ಹೊಟ್ಟೆ ದೊಡ್ಡದು. ಅದೇ ಊರಿನ ಕಾಗೋಡು ತಿಮ್ಮಪ್ಪ ಮುಂದೆ ಕಾನೂನು ಓದಿದರು, ಕಂದಾಯ ಮಂತ್ರಿಯಾದರು. 1956ರಲ್ಲಿ ಮುಖ್ಯಮಂತ್ರಿಯಾದ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರೂ ವಕೀಲರೇ. ಈ ಹೆಸರುಗಳೆಲ್ಲ ನಿಮ್ಮ ಮಗಳಿಗೆ ಗೊತ್ತಿರುತ್ತೆ. ನನ್ನ ಕಣ್ಣಿಗೆ ಕಟ್ಟಿರೋದು ಬೇರೆ.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತಲ್ಲ. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ 7 ಹಾಕಿ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು. 1979ರ ಜೂನ್ 30ರವರೆಗೆ ಗಡುವು. ಆದರೆ ಆ ಅರ್ಜಿ ತೀರ್ಮಾನಿಸೋ ಭೂ ನ್ಯಾಯಮಂಡಳಿಯೊಳಗೆ ವಕೀಲರು ಕಾಲಿಡುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ವಕೀಲ ಬಂದರೆ ಧಣಿಯ ಕಡೆಗೇ ಬರೋದು, ಗೇಣಿದಾರ ಫೀಸು ಎಲ್ಲಿಂದ ತರಬೇಕು? ಆ ಲೆಕ್ಕ ಸುಳ್ಳೂ ಅಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಆ ತಡೆ ನಿಲ್ಲೋದಿಲ್ಲ ಅಂದ ಮೇಲೆ ಬಾಗಿಲು ತೆರೀತು.

ಅದಕ್ಕೂ ಮೊದಲೇ ನಾನು ಕೆಲಸಕ್ಕೆ ಸೇರಿದ್ದೆ. ಒಳಗೆ ಹೋಗಲಾರದ ನಮ್ಮ ಸೀನಿಯರ್ರು ಹಿಂದಿನ ದಿನವೇ ರೈತನನ್ನು ಆಫೀಸಿನ ಜಗಲಿಯಲ್ಲಿ ಕೂರಿಸಿಕೊಳ್ಳೋರು. ಪಹಣಿಯಲ್ಲಿ ಹೆಸರಿದೆಯಾ? ಇಲ್ಲ. ಗೇಣಿ ಕೊಟ್ಟ ರಸೀದಿ? ಇಲ್ಲ. ಬೀಜ ಯಾರ ಹತ್ತಿರ ತಂದೆ, ಪಕ್ಕದ ಗದ್ದೆ ಯಾರದು, ಕೊಯ್ಲಿಗೆ ಯಾರು ಬಂದಿದ್ರು? ರೈತ ಹೆದರಿ ನೆಲ ನೋಡ್ತಿದ್ದ. ಇವರು ಬಿಡ್ತಿರಲಿಲ್ಲ. ಕೇಳ್ತಾ ಕೇಳ್ತಾ ಹೊತ್ತು ಮುಳುಗೋ ಹೊತ್ತಿಗೆ ಅವನು ತಲೆ ಎತ್ತಿ, ಯಾವ ಬದುವಿನ ಮೇಲೆ ಯಾವ ಮರ, ನೀರು ಯಾವ ಮಡಿಯಿಂದ ಯಾವ ಮಡಿಗೆ ಇಳಿಯುತ್ತೆ ಅಂತ ಕೈಬೀಸಿ ಹೇಳೋಕೆ ಶುರುಮಾಡ್ತಿದ್ದ. "ಇದನ್ನೇ ನಾಳೆ ಹೇಳಪ್ಪ, ಸಾಕು" ಅನ್ನೋರು. ಮಾತೇ ಬಾರದವನು ಅಂತ ಊರೆಲ್ಲ ಅಂದುಕೊಂಡ ಮನುಷ್ಯನ ಬಾಯಿಂದ ಅವನ ಗದ್ದೆಯನ್ನು ಹೊರಡಿಸೋದು! ಮುಂದೆ ಎಷ್ಟೋ ದೊಡ್ಡ ವಾದ ಕೇಳಿದೆ. ವಕೀಲಿಕೆ ಅಂದರೆ ನನಗೆ ಇವತ್ತಿಗೂ ಆ ಜಗಲಿಯೇ.

"ಅದು ಜಮೀನಿನ ಮಾತಾಯ್ತು" ಅಂದರು ಅವರು.

"ನಿಮ್ಮದಕ್ಕೇ ಬರೋಣ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚೋ ಸುದ್ದಿ ಬಂದಾಗ ಧರಣಿ ಕೂತ್ರಲ್ಲ, ಆಗ ನಿಮ್ಮ ಕೈಯಲ್ಲಿ ಏನು ಕಾಗದ ಇತ್ತು?"

"ಈಗಿನ ಗೇಟ್ ಪಾಸು ಒಂದಿತ್ತು. ಹಳೇವು ಎಲ್ಲಿ ಇಟ್ಟಿರ್ತೀವಿ ಗುಮಾಸ್ತ್ರೇ?"

ನನಗೆ ಹೊಟ್ಟೆ ಉರಿಯೋದು ಇಲ್ಲೇ. 2001ರ ಆಗಸ್ಟ್ 30ಕ್ಕೆ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಭಾರತೀಯ ಉಕ್ಕು ಪ್ರಾಧಿಕಾರದ ಕೇಸಿನಲ್ಲೇ ಒಂದು ತೀರ್ಪು ಕೊಟ್ಟಿದೆ. ನಮ್ಮ ಕಾರ್ಖಾನೆ ಅದಕ್ಕೆ ಮೂರು ವರ್ಷ ಮೊದಲೇ ಆ ಪ್ರಾಧಿಕಾರಕ್ಕೆ ಸೇರಿತ್ತು. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕ ತಾನಾಗಿ ಕಾಯಂ ಆಗೋದಿಲ್ಲ ಅಂತ ತೀರ್ಪು. ಗುತ್ತಿಗೆಯೇ ಬರೀ ಹೆಸರಿಗೆ, ನಿಜವಾದ ಧಣಿ ಕಾರ್ಖಾನೆಯೇ ಅಂತ ಸಾಬೀತಾದರೆ ಮಾತ್ರ ಕಥೆ ಬೇರೆ. ಆ ಸಾಬೀತು ಯಾವುದರಿಂದ? ಗೇಟ್ ಪಾಸು, ಹಾಜರಿ ಚೀಟಿ, ಪಿ.ಎಫ್. ಲೆಕ್ಕ, ದಿನಾ ಕೆಲಸ ಹೇಳ್ತಿದ್ದವರು ಯಾರು ಅನ್ನೋದು. ಯಾವ ಊರಿನ ಯಾವ ಕಾರ್ಖಾನೆಯಾದರೂ ಇಷ್ಟೇ. ಎಷ್ಟು ಜನರ ಇಪ್ಪತ್ತು ವರ್ಷದ ದುಡಿಮೆ ಒಲೆಗೆ ಹೋಗಿದೆಯೋ! ಹತ್ತು ವರ್ಷ ಮೊದಲೇ ಬಂದು "ಅಣ್ಣಾ, ಇದನ್ನ ಎಸೀಬೇಡ" ಅನ್ನೋ ವಕೀಲೆ ಒಬ್ಬಳು ಈ ಊರಿಗೆ ಬೇಕು.

ಹಾಂ, ಅನ್ನ. ಮೊದಲ ನಾಲ್ಕೈದು ವರ್ಷ ಕಷ್ಟ, ಮುಚ್ಚಿಡೋದು ಬೇಡ. ಮೂರು ವರ್ಷ ಓದು, ಆಮೇಲೆ ಬೆಂಗಳೂರಿನ ವಕೀಲರ ಪರಿಷತ್ತಿನಲ್ಲಿ ಸನ್ನದು, ಜೊತೆಗೆ ವಕೀಲರ ಅಖಿಲ ಭಾರತ ಪರೀಕ್ಷೆ. ಸನ್ನದಿಗೆ ಸಾವಿರಗಟ್ಟಲೆ ಕೀಳ್ತಿದ್ರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು 750 ರೂಪಾಯಿಗಿಂತ ಹೆಚ್ಚು ತಗೋಬಾರದು, ಪರಿಶಿಷ್ಟ ಜಾತಿ ಪಂಗಡದವರಿಂದ 125 ಅಂತ ಹೇಳ್ತು. ಅದೇ ವರ್ಷ ಭಾರತೀಯ ವಕೀಲರ ಪರಿಷತ್ತು ಜೂನಿಯರುಗಳಿಗೆ ಹಳ್ಳಿ ಕಡೆ ತಿಂಗಳಿಗೆ 15,000, ನಗರದಲ್ಲಿ 20,000 ಕೊಡಿ ಅಂತ ಸಲಹೆ ಕೊಟ್ಟಿದೆ. ಸಲಹೆ ಅಷ್ಟೇ. ಕೇಳಿ ಪಡೀಬೇಕು.

ನಮ್ಮ ಸೀನಿಯರ್ರು ಪಾಲಿನ ದಾವೆ, ಅಪಘಾತ ಪರಿಹಾರದ ಕೇಸು ನಡೆಸಿ ಮನೆ ಸಾಕಿದರು; ಫೀಸಿಲ್ಲದ ಕೇಸುಗಳೂ ಆ ದುಡ್ಡಿನಲ್ಲೇ ನಡೆದವು. ಈಗ ಉಚಿತ ಕಾನೂನು ಸೇವಾ ಪ್ರಾಧಿಕಾರವೂ ಇದೆ. ಹೆಂಗಸರು, ಪರಿಶಿಷ್ಟರು, ಜೈಲಿನಲ್ಲಿರೋರಿಗೆ ವಕೀಲರನ್ನು ಅದೇ ಕೊಡುತ್ತೆ. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ ಇವ್ರೇ. 1987ರ ಕಾಯ್ದೆಯಲ್ಲೇ ಬರೆದಿದೆ.

"ನಾವೂನಾ?" ಅಂದರು.

ಅಷ್ಟರಲ್ಲಿ ಹುಡುಗಿ ಬಂದು ಅಪ್ಪನ ಪಕ್ಕ ನಿಂತಳು. "ಅಜ್ಜ, ಕಾಲೇಜು ಶುರುವಾಗೋ ಮುಂಚೆ ಏನು ಓದಿರ್ಲಿ?"

"ಹಳೇ ಪಹಣಿಯ ಕೈಬರಹ ಓದೋಕೆ ಕಲಿ ಮಗಾ, ನಾನು ಹೇಳಿಕೊಡ್ತೀನಿ. ಸೋಮವಾರ ಒಂಬತ್ತರ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗೋಣ, ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡು. ಸಂಜೆಯಾಗುತ್ತೆ. ಅಮ್ಮನ ಹತ್ರ ಬುತ್ತಿ ಕಟ್ಟಿಸ್ಕೊ."